ಎಷ್ಟು ನಡೆದರೆ ಸಾಕು?

ಎರಡು ವರ್ಷದ ಹಿಂದೆ, ಆಗಸ್ಟ್ ತಿಂಗಳ ಒಂದು ಸಂಜೆ, ದುಬೈಯ ಸೋನಾಪುರದಲ್ಲಿ ನಮ್ಮ ಕ್ಯಾಂಪಿನ ಹಿಂದಿನ ರಸ್ತೆಯಲ್ಲಿ ನಾನು ತಲೆ ತಿರುಗಿ ಕೂತುಬಿಟ್ಟೆ. ಅಂಗಿ ಹಿಂಡಿದರೆ ನೀರು ಬರುವಷ್ಟು ಬೆವರು. ಮೊಬೈಲ್ 8,400 ಹೆಜ್ಜೆ ತೋರಿಸುತ್ತಿತ್ತು. ಆ ಹೊತ್ತಿನಲ್ಲೂ ನನ್ನ ಚಿಂತೆ ಏನು ಗೊತ್ತುಂಟಾ? ಇನ್ನೂ 1,600 ಬಾಕಿ ಇದೆಯಲ್ಲಾ ಅಂತ!

ನಾನು ಕಂಪೆನಿ ಬಸ್ಸಿನ ಡ್ರೈವರ್. ಬೆಳಗಿನ ಜಾವ ನಾಲ್ಕೂವರೆಗೆ ಸೀಟಿನಲ್ಲಿ ಕೂತರೆ ದಿನ ಮುಗಿಯುವವರೆಗೂ ಅದೇ ಸೀಟು. ಶುಗರ್ ಶುರುವಾದಾಗ ಡಾಕ್ಟರು "ವ್ಯಾಯಾಮ ಮಾಡಿ" ಅಂದರು. ಎಷ್ಟು, ಹೇಗೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೊಬೈಲು ಹತ್ತು ಸಾವಿರ ಅಂತು, ನಾನು ನಂಬಿದೆ. ತಲೆ ತಿರುಗಿದ ಆ ರಾತ್ರಿ ಮಾತ್ರ ಒಂದು ಪ್ರಶ್ನೆ ಹುಟ್ಟಿತು: ಈ ಹತ್ತು ಸಾವಿರದ ಲೆಕ್ಕ ಮೊದಲು ಹೇಳಿದವರು ಯಾರು? ಅದನ್ನು ಹುಡುಕುತ್ತಾ ಹೋದವನಿಗೆ ಸಿಕ್ಕಿದ ಕಥೆ ಇದು.

1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆಯಿತು. ಜಪಾನಿನವರಿಗೆಲ್ಲ ಮೈ ಗಟ್ಟಿ ಮಾಡಿಕೊಳ್ಳುವ ಹುರುಪು. ಮರುವರ್ಷ, 1965ರಲ್ಲಿ, ಯಮಾಸಾ ಎಂಬ ಕಂಪೆನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರುಕಟ್ಟೆಗೆ ತಂದಿತು. ಹೆಸರು 'ಮಾನ್‌ಪೋ-ಕೇ'. ಮಾನ್ ಅಂದರೆ ಹತ್ತು ಸಾವಿರ, ಪೋ ಅಂದರೆ ಹೆಜ್ಜೆ, ಕೇ ಅಂದರೆ ಅಳೆಯುವ ಯಂತ್ರ. ಹೇಳಲಿಕ್ಕೆ ಸುಲಭ, ನೆನಪಿನಲ್ಲಿ ಉಳಿಯುವ ಸಂಖ್ಯೆ. ಇಷ್ಟು ನಡೆದರೆ ಮಾತ್ರ ಆಯುಷ್ಯ ಎಂದು ಜನರನ್ನು ವರ್ಷಗಟ್ಟಲೆ ಪರೀಕ್ಷಿಸಿ ಕಂಡುಕೊಂಡ ಲೆಕ್ಕ ಅದಲ್ಲ. ಅಂತಹ ಪರೀಕ್ಷೆ ಬಂದದ್ದು ಬಹಳ ತಡವಾಗಿ. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನವೊಂದರಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವು ಕಡಿಮೆ ಎಂದು ಕಂಡಿತು. 7,500ರ ಆಸುಪಾಸಿನಲ್ಲಿ ಆ ಲಾಭ ಏರುವುದೂ ನಿಂತಿತು. ನಾನು ತಲೆ ತಿರುಗಿ ಕೂತದ್ದು ಒಂದು ಯಂತ್ರದ ಹೆಸರಿಗಾಗಿ, ಮಾರಾಯ್ರೆ!

ಆದರೆ ವ್ಯಾಯಾಮಕ್ಕೂ ಹೃದಯಕ್ಕೂ ಇರುವ ಸಂಬಂಧ ಸುಳ್ಳಲ್ಲ. ಅದನ್ನು ಮೊದಲು ಗಟ್ಟಿಯಾಗಿ ತೋರಿಸಿಕೊಟ್ಟವರು ಯಾರು ಅಂತ ಓದಿದಾಗ ನನ್ನ ಮೈ ಜುಮ್ಮೆಂದಿತು. ಅವರು ನನ್ನಂಥ ಬಸ್ಸಿನವರೇ!

ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಹೃದಯಾಘಾತ ಹೆಚ್ಚುತ್ತಿತ್ತು. ಕಾರಣ ಹುಡುಕಲು ಹೊರಟ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರು, ಕಂಡಕ್ಟರುಗಳ ಲೆಕ್ಕ ತೆಗೆದರು. ಸಾರಿಗೆ ಸಂಸ್ಥೆ ಒಂದೇ, ರಸ್ತೆ ಒಂದೇ. ಡ್ರೈವರ್ ಪಾಳಿಯ ಬಹುಪಾಲು ಕೂತೇ ಇರುತ್ತಾನೆ. ಕಂಡಕ್ಟರ್ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು: ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಡ್ರೈವರುಗಳಿಗಿಂತ ಕಡಿಮೆ, ಬಂದರೂ ತಡವಾಗಿ, ಸೌಮ್ಯವಾಗಿ.

ಮಾರಿಸ್ ಅಷ್ಟಕ್ಕೇ ನಿಲ್ಲಲಿಲ್ಲ. ಡ್ರೈವರುಗಳು ಮೊದಲಿನಿಂದಲೇ ಬೇರೆ ಥರದವರೋ ಎಂಬ ಸಂಶಯ ಅವರಿಗೆ. ಸಮವಸ್ತ್ರದ ದಾಖಲೆ ತೆಗೆಸಿ ಪ್ಯಾಂಟಿನ ಸೊಂಟದ ಅಳತೆ ನೋಡಿದರು. ಚಿಕ್ಕ ಪ್ರಾಯದ ಡ್ರೈವರುಗಳ ಸೊಂಟವೂ ಕಂಡಕ್ಟರುಗಳದ್ದಕ್ಕಿಂತ ದಪ್ಪ! ಹಾಗಾದರೆ ಪೂರ್ತಿ ಶ್ರೇಯಸ್ಸು ಮೆಟ್ಟಿಲಿಗೆ ಕೊಡುವ ಹಾಗಿಲ್ಲ ಎಂದು 1956ರಲ್ಲಿ ಅದನ್ನೂ ಅವರೇ ಪ್ರಕಟಿಸಿದರು. ಆಮೇಲೂ ದಶಕಗಟ್ಟಲೆ ಇದೇ ವಿಷಯ ಕೆದಕಿದರು. 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಆಮೇಲೆ ಬಂದದ್ದು ಓಟದ ಕಾಲ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ 'ಏರೋಬಿಕ್ಸ್' ಪುಸ್ತಕ ಬರೆದರು. ಹನ್ನೆರಡು ನಿಮಿಷದಲ್ಲಿ ಎಷ್ಟು ದೂರ ಓಡುತ್ತೀ, ವಾರಕ್ಕೆ ಎಷ್ಟು ಪಾಯಿಂಟು ಗಳಿಸುತ್ತೀ ಎಂಬ ಲೆಕ್ಕ ಶುರುವಾಯಿತು. 1977ರಲ್ಲಿ ಜಿಮ್ ಫಿಕ್ಸ್ ಬರೆದ ಓಟದ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಅದೇ ಫಿಕ್ಸ್ 1984ರಲ್ಲಿ, 52ನೇ ವಯಸ್ಸಿನಲ್ಲಿ, ಓಡಲು ಹೋದಾಗಲೇ ಹೃದಯಾಘಾತದಿಂದ ತೀರಿಕೊಂಡರು. ಅವರ ತಂದೆಗೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಇತ್ತು. ಓಟ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಎಷ್ಟು ಓಡಿದರೂ ರಕ್ತದಲ್ಲಿ ಬಂದದ್ದನ್ನು ಪರೀಕ್ಷೆ ಮಾಡಿಸಿಕೊಳ್ಳಲೇಬೇಕು ಅಂತ ಅರ್ಥ.

ಕಾಲ ಹೋದಂತೆ ಕಠಿಣದ ಹಟ ಸ್ವಲ್ಪ ಸಡಿಲವಾಯಿತು. 1995ರಲ್ಲಿ ಅಮೆರಿಕದ ತಜ್ಞರು ಹೆಚ್ಚಿನ ದಿನಗಳಲ್ಲಿ ಅರ್ಧ ಗಂಟೆ ಬಿರುಸಾಗಿ ನಡೆದರೂ ಆದೀತು ಅಂದರು. 2020ರ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಹೀಗಿದೆ: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಕಠಿಣ ಶ್ರಮ. ಅಷ್ಟು ಆಗದಿದ್ದರೆ ಆದಷ್ಟು ಮಾಡಿ, ಏನೂ ಮಾಡದಿರುವುದಕ್ಕಿಂತ ಅದು ಒಳ್ಳೆಯದು.

ಇದನ್ನೆಲ್ಲ ರೂಮಿನಲ್ಲಿ ಓದಿ ಹೇಳುತ್ತಿದ್ದಾಗ, ಬಾಗಲಕೋಟೆ ಕಡೆಯ ನಮ್ಮ ರೂಮ್‌ಮೇಟ್ ಮೇಲಿನ ಬಂಕಿನಿಂದ ಕೇಳಿದ: "ಅಣ್ಣಾ, ನಾ ದಿನಾ ಹತ್ತು ತಾಸು ಬ್ಲಾಕ್ ಹೊರತೇನಿ. ನನಗೂ ಇದು ಬೇಕೇನು?" ಅವನದ್ದು ಕಟ್ಟಡದ ಕೆಲಸ. ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಆಮೇಲೆ ಓದಿದೆ. ಕೋಪನ್‌ಹೇಗನ್ನಿನ ಲಕ್ಷಕ್ಕೂ ಮಿಕ್ಕಿದ ಜನರ ಮೇಲಿನ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಬಿಡುವಿನ ವೇಳೆಯ ವ್ಯಾಯಾಮ ಹೃದಯವನ್ನು ಕಾಯುವಂತೆ ಕಂಡರೆ, ಕೆಲಸದ ಭಾರೀ ಶ್ರಮ ಹಾಗೆ ಕಾಯಲಿಲ್ಲ, ಅಪಾಯವೇ ಹೆಚ್ಚು ಕಂಡಿತು. ಕಾರಣದ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಚರ್ಚೆ ಉಂಟು. ಅವರು ಕೊಡುವ ಒಂದು ವಿವರಣೆ ನನಗೆ ಸರಿ ಅನ್ನಿಸಿತು. ವ್ಯಾಯಾಮ ಮಾಡುವವ ಸುಸ್ತಾದರೆ ನಿಲ್ಲುತ್ತಾನೆ, ಭಾರ ಹೊರುವವ ನಿಲ್ಲುವಂತಿಲ್ಲ. ಗಂಟೆಗಟ್ಟಲೆ ಎದೆಬಡಿತ ಏರಿಯೇ ಇರುತ್ತದೆ, ದೇಹಕ್ಕೆ ಸುಧಾರಿಸಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ಅಂದರೆ ಅವನಿಗೆ ಬೇಕಾದದ್ದು ನಿದ್ದೆ, ನೀರು ಮತ್ತು ವಿಶ್ರಾಂತಿ. ನನಗೆ ಬೇಕಾದದ್ದು ನಡಿಗೆ. ಒಂದೇ ರೂಮು, ಒಂದೇ ಸಾರು, ಆದರೆ ಅಳತೆ ಬೇರೆ ಬೇರೆ.

ಹಾಗಾದರೆ ಪ್ರತಿಯೊಬ್ಬನಿಗೂ ಅವನವನ ಅಳತೆ ಗೊತ್ತಾಗುವುದು ಹೇಗೆ? ನಮ್ಮ ಹಳೆಯ ಆಯುರ್ವೇದದವರು ಇದನ್ನು ಸಂಖ್ಯೆಯಲ್ಲಿ ಹೇಳಲಿಲ್ಲ. ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡು ಅಂದರು. ಉಸಿರು ಬಾಯಿಗೆ ಬಂತೋ, ಅರ್ಧ ಮುಗಿಯಿತು ಎಂದು ತಿಳಿ ಎಂಬುದು ಸುಶ್ರುತನ ಗುರುತು. ವಾಗ್ಭಟ ಋತುವನ್ನೂ ಸೇರಿಸಿದ: ಆ ಅರ್ಧ ಶಕ್ತಿಯ ಮಾತು ಚಳಿಗಾಲಕ್ಕೆ, ವಸಂತಕ್ಕೆ, ಅದೂ ಗಟ್ಟಿಮುಟ್ಟಾಗಿ ಉಂಡುತಿಂದು ಇರುವವರಿಗೆ. ಉಳಿದ ಕಾಲದಲ್ಲಿ ಇನ್ನೂ ಕಡಿಮೆ. ಈಗಿನ ವೈದ್ಯರು ಹೇಳುವುದೂ ಅದಕ್ಕೆ ಹತ್ತಿರವೇ: ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದು ಮಧ್ಯಮ ಶ್ರಮ. ಮಾತೂ ತುಂಡು ತುಂಡಾದರೆ ಕಠಿಣ ಶ್ರಮ.

ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಎಂಬ ಸರ್ಕಾರದ ನಿಯಮ ಉಂಟಲ್ಲ? ಕೆಲಸಕ್ಕೇ ಋತುವಿನ ಲೆಕ್ಕ ಇರುವಾಗ, ಆಗಸ್ಟಿನ ಸೆಕೆಯಲ್ಲಿ ಜನವರಿಯ ಹೆಜ್ಜೆ ಹಾಕಲು ಹೋದವ ನಾನು.

ಈಗ ಬೇಸಿಗೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ ನಡೆಯುತ್ತೇನೆ, ಚಳಿಗಾಲದಲ್ಲಿ ನಲವತ್ತು. ಟ್ರಿಪ್ಪುಗಳ ನಡುವೆ ಬಸ್ಸು ನಿಂತಾಗ ಸೀಟು ಬಿಟ್ಟು ಇಳಿದು ಎರಡು ಸುತ್ತು ಹಾಕುತ್ತೇನೆ. ಮೊಬೈಲ್ ರೂಮಿನಲ್ಲೇ ಬಿಟ್ಟು ಊರಿನ ದೋಸ್ತಿಯೊಬ್ಬನನ್ನು ಜೊತೆಗೆ ಕರೆದುಕೊಳ್ಳುತ್ತೇನೆ. ಅವನು ಊರಿನ ಸುದ್ದಿ ಕೇಳಿದಾಗ ಪೂರ್ತಿ ಉತ್ತರ ಕೊಡಲು ಉಸಿರು ಸಾಕಾದರೆ ಮುಂದೆ ಹೋಗುತ್ತೇವೆ. ಸಾಲದಿದ್ದರೆ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತೇವೆ. ಕಳೆದ ಸಲ ಶುಗರ್ ಸ್ವಲ್ಪ ಇಳಿದಿತ್ತು. ಬಾಗಲಕೋಟೆಯ ತಮ್ಮ ನಮ್ಮ ಜೊತೆ ಬರುವುದಿಲ್ಲ. ಆ ಹೊತ್ತಿಗೆ ಅವನು ಮಲಗಿರುತ್ತಾನೆ. ನಾವು ಸದ್ದು ಮಾಡದೆ ಬಾಗಿಲು ಎಳೆದುಕೊಂಡು ಹೋಗುತ್ತೇವೆ.