ಕಲ್ಮನೆಯ ಸೂರಿನ ಕುಣಿತ

ಬನದ ಹುಣ್ಣಿಮೆ ಬಂತೆಂದರೆ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಹಾದಿಗಳೆಲ್ಲ ಬಾದಾಮಿಯ ಕಡೆಗೆ ತಿರುಗುತ್ತವೆ. ಬನಶಂಕರಿಯ ತೇರು ಒಂದು ದಿನದ್ದು, ಜಾತ್ರೆ ವಾರಗಟ್ಟಲೆಯದು. ನಾಟಕ ಕಂಪನಿಗಳ ಡೇರೆಗಳು ಸಾಲುಗಟ್ಟಿ ನಿಲ್ಲುತ್ತವೆ. ಹಾರ್ಮೋನಿಯಂ, ತಬಲಾ, ಗೆಜ್ಜೆ ಇವುಗಳ ಸದ್ದು ಇರುಳೆಲ್ಲ ಕೇಳುತ್ತದೆ. ನಾನು ಹುಡುಗನಾಗಿದ್ದಾಗ ಹೊಳೆ ಆಲೂರಿನ ಬಳಿ ಮಲಪ್ರಭೆಯನ್ನು ದಾಟಿ ಚಕ್ಕಡಿಯಲ್ಲಿ ಈ ಜಾತ್ರೆಗೆ ಹೋಗುತ್ತಿದ್ದೆವು. ಮರುದಿನ ಹಿರಿಯರು ನಮ್ಮನ್ನು ಬಾದಾಮಿಯ ಗುಡ್ಡ ಹತ್ತಿಸುತ್ತಿದ್ದರು. ಅಲ್ಲಿನ ಗುಹಾಲಯಗಳಿಗೆ ನಮ್ಮ ಜನ ಮೇಣಬಸದಿ ಎನ್ನುತ್ತಿದ್ದರು. ಹದಿನೆಂಟು ಕೈಗಳ ನಟರಾಜನನ್ನು ಕಂಡೆವು, ವರಾಹನನ್ನು ಕಂಡೆವು, ಕಂಬದ ಬೋದಿಗೆಗಳ ದಂಪತಿಗಳನ್ನು ಕಂಡು ನಾಚಿ ನಕ್ಕೆವು. ಮೂರನೆಯ ಗುಹೆಯಲ್ಲಿ ತಲೆಯೆತ್ತಿ ಸೂರಿನ ಒಳಬದಿಯನ್ನು ನೋಡಿರೆಂದು ಯಾರೂ ಹೇಳಲಿಲ್ಲ. ಅಲ್ಲಿಯೂ ಒಂದು ಕುಣಿತ ನಡೆದಿದೆಯೆಂಬುದು ನನಗೆ ತಿಳಿದದ್ದು ಎಂ.ಎ. ಓದುವಾಗ, ಪುಸ್ತಕದಿಂದ.

ಮೂರನೆಯ ಗುಹೆ ವಿಷ್ಣುವಿನದು. ಚಾಲುಕ್ಯ ಕೀರ್ತಿವರ್ಮನ ಆಳಿಕೆಯ ಹನ್ನೆರಡನೆಯ ವರ್ಷ, ಶಕ 500ರ, ಎಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯಂದು, ಅವನ ತಮ್ಮ ಮಂಗಲೇಶ ಇದನ್ನು ಪ್ರತಿಷ್ಠೆ ಮಾಡಿಸಿ ಪುಣ್ಯವನ್ನು ಅಣ್ಣನಿಗೆ ಅರ್ಪಿಸಿದನೆಂದು ಶಾಸನ ಹೇಳುತ್ತದೆ. ಅಲ್ಲಿಯೇ ಮಂಗಲೇಶನ ಒಂದು ಚಿಕ್ಕ ಕನ್ನಡ ಶಾಸನವೂ ಉಂಟು. ಅದರಲ್ಲಿ ಈ ಗುಹೆಯನ್ನು ‘ಕಲ್ಮನೆ’ ಎಂದು ಕರೆದಿದೆ. ಗುಹಾಲಯವೆಂಬ ಭಾರದ ಮಾತಿಗಿಂತ ಇದೆಷ್ಟು ನೇರ, ಎಷ್ಟು ಮನೆಮಾತಿನದು! ಆ ಶಾಸನದಲ್ಲಿ ದೇವರಿಗೆ ಹೂಮಾಲೆ ಕಟ್ಟುವವರ ಪಾಲಿನ ಮಾತಿದೆ. ಸೂರಿಗೆ ಬಣ್ಣವಿಟ್ಟವನ ಮಾತಿಲ್ಲ.

ಈ ಚಿತ್ರಗಳನ್ನು ವಿದ್ವಲ್ಲೋಕದ ಗಮನಕ್ಕೆ ತಂದವರು ಸ್ಟೆಲ್ಲಾ ಕ್ರಾಮ್ರಿಶ್. ಅವರ ಲೇಖನ ಬಂದದ್ದು 1936ರಲ್ಲಿ. ಅನಂತರ ಸಿ. ಶಿವರಾಮಮೂರ್ತಿಯವರು ಇವನ್ನು ವಿವರವಾಗಿ ಓದಿದರು. ‘ಓದಿದರು’ ಎಂದೇ ಹೇಳಬೇಕು. ಅಳಿಸಿಹೋದ ತಾಳೆಗರಿಯನ್ನು ಓದುವಷ್ಟೇ ಶ್ರಮ ಇಲ್ಲಿ ಬೇಕು. ಅರಮನೆಯ ಒಂದು ಸಭೆ. ನಡುವೆ ಹಸುರು ಛಾಯೆಯ ಮೈಬಣ್ಣದ ಪುರುಷನೊಬ್ಬ ಸುಖಾಸನದಲ್ಲಿ ಕುಳಿತಿದ್ದಾನೆ. ಒಂದು ಕಾಲು ಪಾದಪೀಠದ ಮೇಲೆ, ಇನ್ನೊಂದು ಆಸನದ ಮೇಲೆ. ಮುತ್ತಿನ ಯಜ್ಞೋಪವೀತ ಎದೆಯ ಮೇಲೆ ಮಸುಕಾಗಿ ತೋರುತ್ತದೆ. ಚಾಮರ ಬೀಸುವ ಹೆಂಗಳೆಯರಿದ್ದಾರೆ. ಒಂದು ಬದಿಗೆ ಮೇಳ: ಮದ್ದಳೆ, ಕೊಳಲು, ತಾಳ. ಅವರ ಮುಂದೆ ಒಬ್ಬ ನರ್ತಕ, ಒಬ್ಬಳು ನರ್ತಕಿ. ಅವಳು ನಮಗೆ ಬೆನ್ನು ತಿರುಗಿಸಿ, ಕಾಲಿಗೆ ಕಾಲು ಹೆಣೆದು ನಿಂತಿದ್ದಾಳೆ. ಶಿವರಾಮಮೂರ್ತಿಯವರು ಇದನ್ನು ಭರತನ ‘ಪೃಷ್ಠಸ್ವಸ್ತಿಕ’ವೆಂದು ಗುರುತಿಸಿದರು, ಇದು ಇಂದ್ರನ ಸಭೆಯಿರಬಹುದೆಂದೂ, ಪಕ್ಕದ ಚಿತ್ರದಲ್ಲಿರುವವನು ಸ್ವತಃ ಕೀರ್ತಿವರ್ಮನಿರಬಹುದೆಂದೂ ಊಹಿಸಿದರು. ಇಂದ್ರನೋ ಅಲ್ಲವೋ, ಕುಣಿಯುವವಳ ಬೆನ್ನನ್ನು ಬರೆಯುವ ಧೈರ್ಯ ಆ ಚಿತ್ರಗಾರನಿಗಿತ್ತು. ಮುಖ ಮರೆಯಾದಾಗ ಮೈಯೇ ಮಾತಾಡಬೇಕು. ಅಭಿನಯವನ್ನು ಬಲ್ಲವನಲ್ಲದೆ ಬೇರೆಯವನಿಗೆ ಇದು ಹೊಳೆಯುವ ಮಾತಲ್ಲ.

ಇವನು ಈ ವಿದ್ಯೆ ಕಲಿತದ್ದೆಲ್ಲಿ? ಈ ಪ್ರಶ್ನೆ ನಮ್ಮನ್ನು ಬಾದಾಮಿಯಿಂದ ಬಡಗಲಾಗಿ, ಬೌದ್ಧರ ಅಜಂತೆಗೆ ಒಯ್ಯುತ್ತದೆ.

ಅಜಂತೆಯ ಒಂದನೆಯ ಗುಹೆಯ ಗೋಡೆಯಲ್ಲಿ ಮಹಾಜನಕ ಜಾತಕದ ಕಥೆಯಿದೆ. ಮಿಥಿಲೆಯ ಅರಸು ಮಹಾಜನಕ ಉದ್ಯಾನದಲ್ಲಿ ಎರಡು ಮಾವಿನ ಮರಗಳನ್ನು ಕಂಡನಂತೆ. ಹಣ್ಣುಬಿಟ್ಟ ಮರವನ್ನು ಜನ ಕಿತ್ತು ಮುರಿದು ಹಾಳುಮಾಡಿದ್ದರು. ಬರಡು ಮರ ಹಸುರಾಗಿ ನಿಂತಿತ್ತು. ಸಿರಿಯುಳ್ಳವನಿಗೇ ಭಯವೆಂದು ತಿಳಿದು ಅರಸು ಸಿಂಹಾಸನವನ್ನು ತೊರೆಯಲು ಮನಮಾಡಿದ. ರಾಣಿ ಸೀವಲಿ ಅವನನ್ನು ಹಿಡಿದು ನಿಲ್ಲಿಸಲೆಂದು ಅಂತಃಪುರದ ಏಳುನೂರು ಹೆಂಗಳೆಯರನ್ನು ಕರೆದಳೆಂದು ಜಾತಕ ಹೇಳುತ್ತದೆ. ಚಿತ್ರಗಾರ ಏಳುನೂರಕ್ಕೆ ಹೋಗಿಲ್ಲ. ಅವನಿಗೆ ಒಬ್ಬ ನರ್ತಕಿ ಸಾಕು, ಅವಳ ಸುತ್ತ ಒಂದು ಮೇಳ ಸಾಕು. ನಡುವೆ ಆಭರಣಗಳ ಭಾರದಲ್ಲೂ ಹಗುರಾಗಿ ಬಾಗಿದ ಮೈ, ತುಂಬುತೋಳಿನ ರವಿಕೆ. ಎಡಬಲದಲ್ಲಿ ಕೊಳಲಿನವರು, ತಾಳದವಳು, ಮದ್ದಳೆಯವರು. ನುಡಿಸುವವರೆಲ್ಲ ಹೆಣ್ಣುಮಕ್ಕಳೇ. ಮದ್ದಳೆಗಳಲ್ಲಿ ನಿಲ್ಲಿಸಿ ಬಾರಿಸುವುದುಂಟು, ಅಡ್ಡಲಾಗಿ ಇಟ್ಟು ಬಾರಿಸುವುದುಂಟು. ನಾಟ್ಯಶಾಸ್ತ್ರ ಊರ್ಧ್ವಕ, ಅಂಕಿಕ ಎಂದು ಹೆಸರಿಸುವ ವಾದ್ಯಗಳಿವು. ನಿಲ್ಲಿಸಿ ಬಾರಿಸುವ ಮದ್ದಳೆಯನ್ನು ನೀವು ಬಾದಾಮಿಯ ಮೊದಲನೆಯ ಗುಹೆಯಲ್ಲೂ ನೋಡಬಹುದು: ನಟರಾಜನ ಪಕ್ಕದಲ್ಲಿ ಗಣಪತಿಯ ಜೊತೆ ನಿಂತ ವಾದ್ಯಗಾರನ ಮುಂದೆ. ಗೋಡೆಯ ಬಣ್ಣದಲ್ಲಿದ್ದ ಮೇಳ ಒಂದು ಶತಮಾನ ಕಳೆದು ನಮ್ಮ ಕೆಂಪುಕಲ್ಲಿಗೆ ಬಂದಂತೆ ತೋರುತ್ತದೆ.

ಆದರೆ ಇಲ್ಲೊಂದು ತೊಡಕಿದೆ. ಬೌದ್ಧ ಶ್ರಾಮಣೇರ ಕೈಕೊಳ್ಳುವ ಹತ್ತು ಶೀಲಗಳಲ್ಲಿ ಏಳನೆಯದು ನೃತ್ಯ, ಗೀತ, ವಾದ್ಯಗಳನ್ನು ನೋಡಿ ಕೇಳಿ ರಮಿಸುವುದನ್ನು ಬಿಡಬೇಕೆಂಬುದು. ಆ ಶೀಲವನ್ನು ತೊಟ್ಟವರು ಮಲಗಿ ಏಳುತ್ತಿದ್ದ ವಿಹಾರದ ಗೋಡೆಯ ಮೇಲೆ ಈ ಕುಣಿತ! ಮಧ್ಯಪ್ರದೇಶದ ಬಾಘ್ ಗುಹೆಗಳಲ್ಲೂ ಹೀಗೆಯೇ: ಹೆಣ್ಣುಮಕ್ಕಳು ಕೈಯಲ್ಲಿ ಚಿಕ್ಕ ಕೋಲು ಹಿಡಿದು ನರ್ತಕನ ಸುತ್ತ ನೆರೆದಿದ್ದಾರೆ. ನಮ್ಮ ಹಳ್ಳಿಯ ಕೋಲಾಟದವರು ನೋಡಿದರೆ ತಮ್ಮವರೆಂದೇ ಅಂದಾರು. ಅದೂ ಬೌದ್ಧ ವಿಹಾರವೇ.

ಇದನ್ನು ಕಲಾವಿದನ ಕಳ್ಳತನವೆಂದು ಕೆಲವರು ನಕ್ಕುಬಿಡುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ತೊರೆದದ್ದು ಏನೆಂದು ಕಾಣದೆ ತೊರೆದವನ ದೊಡ್ಡತನ ಕಾಣುವುದು ಹೇಗೆ? ಮಹಾಜನಕ ಬಿಟ್ಟು ಹೊರಟದ್ದು ಕೆಟ್ಟ ಕುಣಿತವನ್ನಲ್ಲ, ಆ ನಾಡಿನಲ್ಲೇ ಚೆಲುವಾದ ಕುಣಿತವನ್ನು. ಚಿತ್ರಗಾರ ಅದನ್ನು ಅರೆಮನಸ್ಸಿನಿಂದ ಬರೆದಿದ್ದರೆ ಅರಸನ ವೈರಾಗ್ಯವೂ ಅರೆಯಾಗುತ್ತಿತ್ತು. ಬಾದಾಮಿಯಲ್ಲಿ ಅದೇ ಮೇಳ, ಅದೇ ಚಾಮರ, ಅದೇ ಅರಮನೆ. ಆದರೆ ಇಲ್ಲಿ ಯಾರೂ ಏನನ್ನೂ ಬಿಟ್ಟು ಹೋಗುತ್ತಿಲ್ಲ. ವಿಷ್ಣುವಿನ ಮನೆಯಲ್ಲಿ ಕುಣಿತ ಸೇವೆಯಾಯಿತು. ಚಿತ್ರದ ನುಡಿಗಟ್ಟು ಬೌದ್ಧರದು, ಅದು ಆಡಿದ ಮಾತು ಬೇರೆ. ಮುಂದೆ ಪಟ್ಟದಕಲ್ಲಿನ ಒಂದು ಶಾಸನ ಅಚಲನೆಂಬ ನಟನನ್ನು ಭರತಮತದ ಹೆಸರೆತ್ತಿ ಹೊಗಳಿತು. ನಟನಿಗೆ ಹೊಗಳಿಕೆಯ ಶಾಸನ ದೊರೆಯುವ ನಾಡಾಗಿತ್ತು ಇದು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಅಜಂತೆಯ ಒಂದನೆಯ ಗುಹೆಯಲ್ಲಿ ಪಾರಸಿಕರ ಉಡುಪಿನವರು ಕಾಣಿಕೆ ತರುವ ಚಿತ್ರವೊಂದಿದೆ. ಅದು ಇಮ್ಮಡಿ ಪುಲಕೇಶಿಯ ಸಭೆಗೆ ಬಂದ ಇರಾನಿನ ಎರಡನೆಯ ಖುಸ್ರೂ ದೊರೆಯ ರಾಯಭಾರವೆಂದು ಜೇಮ್ಸ್ ಫರ್ಗುಸನ್ 1879ರಲ್ಲಿ ಬರೆದ. ನಮಗೆ ಇದಕ್ಕಿಂತ ಹಿಗ್ಗು ಯಾವುದು? ನಾನೂ ತರಗತಿಯಲ್ಲಿ ಎದೆಯುಬ್ಬಿಸಿ ಇದನ್ನು ಪಾಠ ಮಾಡಿದವನೇ. ಇಂದು ವಿದ್ವಾಂಸರು ಬಹುಮಟ್ಟಿಗೆ ಅದನ್ನು ಒಪ್ಪುವುದಿಲ್ಲ. ವಾಲ್ಟರ್ ಸ್ಪಿಂಕ್ ಅವರ ದೀರ್ಘ ಅಧ್ಯಯನದ ಪ್ರಕಾರ ಆ ಗುಹೆ ವಾಕಾಟಕ ಹರಿಷೇಣನ ಕಾಲದ್ದು, ಐದನೆಯ ಶತಮಾನದ ಕೊನೆಯ ಭಾಗದ್ದು. ಪುಲಕೇಶಿಗೆ ನೂರು ವರ್ಷಕ್ಕೂ ಹಿಂದಿನದು. ಅಜಂತೆಯಲ್ಲಿ ಪುಲಕೇಶಿಯ ಮುಖವನ್ನು ಹುಡುಕುವ ಭರದಲ್ಲಿ, ಅವನ ಚಿಕ್ಕಪ್ಪ ತನ್ನ ಊರಿನಲ್ಲೇ ಬರೆಸಿದ ಚಿತ್ರವನ್ನು ನಾವು ಮರೆತೆವು.

ಬೌದ್ಧರೂ ನಮಗೆ ದೂರದವರೇನಲ್ಲ. ಎರಡನೆಯ ಗುಹೆಯಿಂದ ಮೂರನೆಯದಕ್ಕೆ ಏರುವಾಗ ನಡುವೆ ಒಂದು ಸಹಜ ಗವಿ ಸಿಗುತ್ತದೆ. ಅಲ್ಲಿ ಪದ್ಮಪಾಣಿ ಬೋಧಿಸತ್ವನ ಮೂರ್ತಿಯಿದೆ. ಬಂದವರು ಬಹುತೇಕ ಅದನ್ನು ದಾಟಿ ಹೋಗುತ್ತಾರೆ. ಐಹೊಳೆಯ ಮೇಗುತಿಯ ಕೆಳಗೆ ಎರಡು ನೆಲೆಯ ಬೌದ್ಧ ಕಟ್ಟಡವಿದೆ. ಪುಲಕೇಶಿಯ ನಾಡನ್ನು 641ರ ಸುಮಾರಿಗೆ ಕಂಡ ಹ್ಯೂಯೆನ್ ತ್ಸಾಂಗ್ ಅಲ್ಲಿ ನೂರಕ್ಕೂ ಹೆಚ್ಚು ವಿಹಾರಗಳೂ ಐದು ಸಾವಿರದಷ್ಟು ಭಿಕ್ಷುಗಳೂ ಇದ್ದರೆಂದು ಬರೆದಿಟ್ಟ. ಇನ್ನೂ ಹತ್ತಿರದ ಸಾಕ್ಷ್ಯ ಬೇಕೆಂದರೆ ಗದಗ ಸೀಮೆಯ ಡಂಬಳಕ್ಕೆ ಹೋಗಿ. ಆರನೆಯ ವಿಕ್ರಮಾದಿತ್ಯನ ಕಾಲದ 1095ರ ಶಾಸನ, ಅಲ್ಲಿನ ಹದಿನಾರು ಸೆಟ್ಟಿಗಳು ಕಟ್ಟಿಸಿದ ವಿಹಾರವನ್ನೂ ತಾರಾದೇವಿಯನ್ನೂ ಹೆಸರಿಸುತ್ತದೆ. ಲೊಕ್ಕಿಗುಂಡಿ, ಎಂದರೆ ಇಂದಿನ ಲಕ್ಕುಂಡಿಯ ಹೆಸರೂ ಅದರಲ್ಲಿ ಬರುತ್ತದೆ. ಬಸವಣ್ಣನವರಿಗೆ ತುಸು ಮುಂಚಿನವರೆಗೂ ನಮ್ಮ ಎರೆನೆಲದ ವ್ಯಾಪಾರಿಗಳು ತಾರೆಗೆ ದೀಪ ಹಚ್ಚುತ್ತಿದ್ದರು. ಆ ವಿಹಾರಗಳ ಗೋಡೆಗಳಿಗೂ ಬಣ್ಣವಿದ್ದಿತೋ ಏನೋ, ಗೋಡೆಗಳೇ ಉಳಿದಿಲ್ಲ.

ಗೋಡೆಯ ಚಿತ್ರದ ಆಯುಸ್ಸು ಅಷ್ಟು ಅಳ್ಳಕ. ಅಜಂತೆಯ ಚಿತ್ರಗಾರ ಬಳಸಿದ್ದು ನಮ್ಮ ಹಳ್ಳಿಯ ಮನೆ ಕಟ್ಟುವವನು ಬಲ್ಲ ಸಾಮಗ್ರಿಯನ್ನೇ: ಮಣ್ಣು, ಹೊಟ್ಟು, ಸಗಣಿ, ಮೇಲೊಂದು ತೆಳು ಸುಣ್ಣ, ಕೆಮ್ಮಣ್ಣು, ಹಳದಿ ಮಣ್ಣು, ಕಾಡಿಗೆ, ಅಂಟು. ದೂರದೇಶದ್ದು ನೀಲಿಯೊಂದೇ. ಬಾದಾಮಿಯ ಚಿತ್ರವಂತೂ ಮಂಟಪದ ಒಳಗೆ ಅಡಗಿಲ್ಲ. ಸೂರಿನ ಬಾಗಿದ ಒಳಬದಿಯಲ್ಲಿ ಗಾಳಿಗೂ ಮಳೆಯ ತೇವಕ್ಕೂ ಎದುರಾಗಿದೆ. ಗುಹೆ ಬಡಗಣಕ್ಕೆ ಮುಖಮಾಡಿರುವುದರಿಂದ ಬಿರುಬಿಸಿಲು ಮಾತ್ರ ಅಷ್ಟಾಗಿ ತಾಕುವುದಿಲ್ಲ. ಹದಿನಾಲ್ಕು ನೂರು ಮಳೆಗಾಲಗಳನ್ನು ಅದು ಕಳೆದದ್ದೇ ಅಚ್ಚರಿ.

ನಕಲುಗಳಿವೆಯಲ್ಲ ಎನ್ನಬಹುದು. ರಾಬರ್ಟ್ ಗಿಲ್ ಎಂಬ ಸೇನಾಧಿಕಾರಿ ಅಜಂತೆಯಲ್ಲಿ ವರ್ಷಾನುಗಟ್ಟಲೆ ಕುಳಿತು ಬರೆದ ನಕಲುಗಳು 1866ರಲ್ಲಿ ಲಂಡನ್ನಿನ ಸ್ಫಟಿಕ ಅರಮನೆಯ ಬೆಂಕಿಯಲ್ಲಿ ಬಹುಮಟ್ಟಿಗೆ ಸುಟ್ಟುಹೋದವು. ಅನಂತರ ಗ್ರಿಫಿತ್ಸ್ ಮತ್ತು ಅವನ ಮುಂಬಯಿ ಶಿಷ್ಯರು ಮಾಡಿದ ನಕಲುಗಳೂ 1885ರ ಇನ್ನೊಂದು ಬೆಂಕಿಗೆ ಸಿಕ್ಕಿ ಹಲವು ಹಾಳಾದವು. ಬಾದಾಮಿಯ ಪಾಲಿಗೆ ಬಂದದ್ದು ಮುಂಬಯಿಯ ಕಲಾಶಾಲೆಯ ಜಗನ್ನಾಥ ಅಹಿವಾಸಿಯವರ ಶ್ರದ್ಧೆ; ಅವರು ಕತ್ತೆತ್ತಿ ನೋಡಿ ನೋಡಿ ಆ ಸೂರಿನ ಗೆರೆಗಳನ್ನು ಕಾಗದಕ್ಕಿಳಿಸಿದರು. ಹೋದ ವರ್ಷ ಬನದ ಹುಣ್ಣಿಮೆಯ ಮರುದಿನ ನಾನು ಅಂಥ ಒಂದು ನಕಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಮೂರನೆಯ ಗುಹೆಯಲ್ಲಿ ನಿಂತೆ. ಕಾಗದದ ಮೇಲೆ ಮದ್ದಳೆಯವಳ ಬೆರಳುಗಳಿದ್ದವು. ಸೂರಿನ ಮೇಲೆ ನನ್ನ ಮುದಿಗಣ್ಣಿಗೆ ಆ ಜಾಗದಲ್ಲಿ ಕೆಮ್ಮಣ್ಣಿನ ಒಂದು ಕಲೆ ಮಾತ್ರ ಕಂಡಿತು. ಬೆನ್ನು ತಿರುಗಿಸಿ ನಿಂತವಳನ್ನು ಹುಡುಕುವಷ್ಟರಲ್ಲಿ ಜಾತ್ರೆಯಿಂದ ಬಂದ ಮಕ್ಕಳ ಗುಂಪೊಂದು ನುಗ್ಗಿತು. ಅವರಲ್ಲೊಬ್ಬಳು ನಾನೇನು ನೋಡುತ್ತಿರುವೆನೆಂದು ತಾನೂ ತಲೆಯೆತ್ತಿ, “ಅಜ್ಜಾರ, ಅಲ್ಲೇನೈತ್ರಿ?” ಎಂದು ಕೇಳಿದಳು. ಕೈಯಲ್ಲಿದ್ದ ಕಾಗದವನ್ನು ಅವಳಿಗೆ ಕೊಟ್ಟೆ.