ಧೂಳು ಕೂರುವ ಮೊದಲು ಒಣಗಬೇಕು

ನಮ್ಮ ಕಡೆ ಯಾವ ಗ್ಯಾರೇಜಿಗಾದರೂ ಹೋಗಿ "ಗಾಡಿಗೆ ಡ್ಯೂಕೋ ಹೊಡೆಸಬೇಕು" ಅನ್ನಿ, ತಕ್ಷಣ ಅರ್ಥವಾಗುತ್ತದೆ. ವನಸ್ಪತಿಗೆಲ್ಲ ಡಾಲ್ಡಾ, ನಕಲು ಪ್ರತಿಗೆಲ್ಲ ಜೆರಾಕ್ಸ್ ಅನ್ನುವ ಹಾಗೆ, ಗನ್ನಿನಲ್ಲಿ ಹೊಡೆಯುವ ಬಣ್ಣಕ್ಕೆಲ್ಲ ನಾವು ಡ್ಯೂಕೋ ಅಂತಲೇ ಹೆಸರಿಟ್ಟಿದ್ದೇವೆ. ಬೀರುವಿಗೂ ಡ್ಯೂಕೋ, ಕಿಟಕಿ ಗ್ರಿಲ್ಲಿಗೂ ಡ್ಯೂಕೋ. ಅದು ಅಮೆರಿಕದ ಡ್ಯೂಪಾಂಟ್ ಕಂಪನಿಯ ಒಂದು ಬಣ್ಣದ ಹೆಸರು. ಹುಟ್ಟಿ ನೂರು ವರ್ಷ ದಾಟಿತು.

ನಾನು ಈ ಹೆಸರಿನ ಬೆನ್ನು ಹತ್ತಿದ್ದಕ್ಕೆ ಕಾರಣ, ಶಾಗ್ಯದಲ್ಲಿ ನಮ್ಮ ಬಂಧುಗಳ ಮನೆಯ ಚಪ್ಪರದಡಿ ನಿಂತಿರುವ ಒಂದು ಹಳೇ ಅಂಬಾಸಿಡರ್. ಅದನ್ನು ಮನೆಯಲ್ಲೇ ಉಜ್ಜಿ, ತಟ್ಟಿ, ಬಣ್ಣಕ್ಕೆ ಸಿದ್ಧ ಮಾಡುವ ಮಾತು ನಡೆದಿದೆ. ಬಣ್ಣ ಹೊಡೆಯೋದು ಒಂದೆರಡು ದಿನದ ಕೆಲಸ, ಅದಕ್ಕೆ ಮುಂಚಿನದು ತಿಂಗಳುಗಟ್ಟಲೆಯದು. ಓದುತ್ತಾ ಹೋದ ಹಾಗೆ ಗೊತ್ತಾಗಿದ್ದು, ಆ ಮುಂಚಿನ ಕೆಲಸದ ಒಂದೊಂದು ಹಂತವೂ ಒಂದೊಂದು ಕಾಲದಿಂದ ಬಂದಿದೆ ಅನ್ನೋದು.

ಮೊದಲು ಸಾರೋಟಿನ ಕಾಲ. ಶುರುವಿನ ಕಾರುಗಳೆಂದರೆ ಎಂಜಿನ್ ಕೂರಿಸಿದ ಸಾರೋಟುಗಳೇ. ಮರದ ಚೌಕಟ್ಟು, ಅದರ ಮೇಲೆ ಹಲಗೆ ಅಥವಾ ತಗಡು. ಕೊಳ್ಳೇಗಾಲ ಸೀಮೆ 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹಾಗಾಗಿ ಈಗ ಹನೂರು ತಾಲ್ಲೂಕಿನಲ್ಲಿರುವ ಶಾಗ್ಯಕ್ಕೆ ಆಗ ರಾಜಧಾನಿ ಅಂದರೆ ಮದ್ರಾಸು. ಅಲ್ಲಿ ಸಿಂಪ್ಸನ್ ಕಂಪನಿ 1840ರಿಂದಲೇ ಸಾರೋಟು ಕಟ್ಟುತ್ತಿತ್ತು, ಆಮೇಲೆ ಕಾರಿಗೂ ಬಸ್ಸಿಗೂ ಬಾಡಿ ಕಟ್ಟತೊಡಗಿತು. ಸಾರೋಟಿನ ಬಣ್ಣ ಅಂದರೆ ಕುಂಚದಲ್ಲಿ ಬಳಿಯುವ ಎಣ್ಣೆ ಬಣ್ಣ, ಮೇಲೆ ವಾರ್ನಿಷ್. ಒಂದು ಕೋಟ್ ಬಳಿಯಬೇಕು, ಒಣಗಲು ಕಾಯಬೇಕು, ಪ್ಯೂಮಿಸ್ ಕಲ್ಲಿನಲ್ಲಿ ತಿಕ್ಕಬೇಕು, ಮತ್ತೆ ಬಳಿಯಬೇಕು. ಒಂದು ಗಾಡಿಗೆ ವಾರಗಟ್ಟಲೆ ಹಿಡಿಯುತ್ತಿತ್ತು. ಅಷ್ಟೂ ದಿನ ಧೂಳು ಬೀಳದ ಮುಚ್ಚಿದ ಕೋಣೆ ಬೇಕು.

ದಿನಕ್ಕೆ ಸಾವಿರಾರು ಕಾರು ಮಾಡುವ ಫೋರ್ಡ್ ಕಂಪನಿಗೆ ಇದು ಹೇಗೆ ಸಾಧ್ಯ? ಸುಮಾರು 1914ರಿಂದ 1925ರವರೆಗೆ ಮಾಡೆಲ್ ಟಿ ಕಾರು ಕಪ್ಪು ಬಣ್ಣದಲ್ಲಿ ಮಾತ್ರ ಬರಲು ಬೇಗ ಒಣಗುವ, ಅಗ್ಗದ ಕಪ್ಪು ಬಣ್ಣವೂ ಒಂದು ಕಾರಣ ಅಂತಾರೆ.

ಡ್ಯೂಪಾಂಟ್ 1802ರಲ್ಲಿ ಹುಟ್ಟಿದ್ದು ಮದ್ದಿನ ಪುಡಿಯ ಕಂಪನಿಯಾಗಿ. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದರೆ ನೈಟ್ರೋಸೆಲ್ಯುಲೋಸ್ ಆಗುತ್ತದೆ. ಒಂದು ಹದದಲ್ಲಿ ಅದು ಸಿಡಿಮದ್ದು, ಇನ್ನೊಂದು ಹದದಲ್ಲಿ ಸಿನಿಮಾ ರೀಲು, ಮತ್ತೊಂದು ಹದದಲ್ಲಿ ಡ್ಯೂಕೋ. ಜನರಲ್ ಮೋಟಾರ್ಸ್ ತನ್ನ ಓಕ್‌ಲ್ಯಾಂಡ್ ಎಂಬ ಕಾರಿಗೆ 1924ರ ಮಾಡೆಲಿನಲ್ಲಿ ಇದನ್ನು ನೀಲಿ ಬಣ್ಣದಲ್ಲಿ ಹೊಡೆಯಿತು. ಎಣ್ಣೆ ಬಣ್ಣ ಗಾಳಿಯ ಆಮ್ಲಜನಕ ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಡ್ಯೂಕೋದಲ್ಲಿ ಥಿನ್ನರ್ ಆರಿಹೋದರೆ ಮುಗಿಯಿತು, ಬಣ್ಣ ಕೂತ ಹಾಗೆ. ವಾರಗಳ ಕೆಲಸ ದಿನಗಳಿಗೆ ಇಳಿಯಿತು. ಧೂಳು ಬಂದು ಕೂರುವಷ್ಟರಲ್ಲಿ ಮೇಲ್ಮೈ ಒಣಗಿರುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಎನ್.ಸಿ. ಪೇಂಟ್ ಅನ್ನೋದು ಇದನ್ನೇ. ಶಾಗ್ಯದ ಚಪ್ಪರದಲ್ಲಿ ಪೇಂಟ್ ಬೂತ್ ಎಲ್ಲಿಂದ ತರೋಣ? ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಹೋದರೆ ಸಾಕು, ಅಂಗಳವೆಲ್ಲ ಕೆಮ್ಮಣ್ಣು. ಅಮೆರಿಕದ ಕಾರ್ಖಾನೆಗಾಗಿ ಮಾಡಿದ ಬಣ್ಣ ನಮ್ಮ ಅಂಗಳಕ್ಕೂ ಹೇಳಿ ಮಾಡಿಸಿದ ಹಾಗಿದೆ :)

ಇದನ್ನು ಲ್ಯಾಕರ್ ಅನ್ನುತ್ತಾರೆ. ಆ ಪದದ ಬೇರು ನಮ್ಮ ಲಾಕ್ಷಾ, ಅಂದರೆ ಅರಗು. ಚನ್ನಪಟ್ಟಣದ ಬೊಂಬೆಗೆ ಮೆರುಗು ಕೊಡುವ ಅದೇ ಅರಗು. ಕಾಡಿನ ಅರಗಿಗೆ ಬಳಕೆ ಕಲ್ಪಿಸಲು 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರುವಾಯಿತು. ಚುನಾವಣೆಯಲ್ಲಿ ನಮ್ಮ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರಿಂದ ಬರುತ್ತಿರುವುದು ಅಲ್ಲಿಂದಲೇ. ಡ್ಯೂಕೋದಲ್ಲಿ ನಿಜವಾದ ಅರಗು ಇಲ್ಲ, ಹೆಸರು ಮಾತ್ರ ಉಳಿದಿದೆ. ಆದರೆ ಒಂದು ಗುಣ ಮಾತ್ರ ಪಾಂಡವರ ಅರಗಿನ ಮನೆಯದೇ: ಕಿಡಿ ತಾಗಿದರೆ ಭಗ್ಗೆನ್ನುತ್ತದೆ. ನೀರೊಲೆ, ಬೀಡಿ ಎರಡನ್ನೂ ದೂರ ಇಡಬೇಕು.

ಇನ್ನು ಉಜ್ಜುವ ಕೆಲಸ. ಅಂಗಡಿಯಲ್ಲಿ ನಾವು ಕೇಳುವ 'ವಾಟರ್ ಪೇಪರ್', ಅಂದರೆ ನೀರು ಹಾಕಿ ಉಜ್ಜುವ ಉಪ್ಪುಕಾಗದ, 3ಎಂ ಕಂಪನಿ 1921ರಲ್ಲಿ ತಂದದ್ದು. ಅದಕ್ಕೆ ಮುಂಚೆ ಒಣ ಕಾಗದದಲ್ಲೇ ಉಜ್ಜುತ್ತಿದ್ದರು. ಬಣ್ಣದಲ್ಲಿ ಸೀಸವಿದ್ದ ಕಾಲ ಅದು, ಏಳುವ ಧೂಳೆಲ್ಲ ಕೆಲಸಗಾರರ ಎದೆಗೆ. ಈ ಹೊಸ ಕಾಗದವನ್ನು ಪರೀಕ್ಷೆಗೆ ಅಂತ ಗ್ಯಾರೇಜುಗಳಿಗೆ ಒಯ್ಯುತ್ತಿದ್ದ ರಿಚರ್ಡ್ ಡ್ರೂ ಎಂಬ ಹುಡುಗ, ಎರಡು ಬಣ್ಣದ ಕಾರು ಮಾಡುವವರ ಪಾಡನ್ನು ಅಲ್ಲಿ ನೋಡಿದ. ಗೆರೆ ನೇರ ಬರಲೆಂದು ಅಂಟಿಸಿದ ಪಟ್ಟಿ ಕೀಳುವಾಗ ಬಣ್ಣವೂ ಕಿತ್ತು ಬರುತ್ತಿತ್ತು. ಅದಕ್ಕೆಂದೇ 1925ರಲ್ಲಿ ಆತ ಮಾಸ್ಕಿಂಗ್ ಟೇಪ್ ಮಾಡಿದ.

ನನಗೆ ತುಂಬಾ ಹಿಡಿಸಿದ್ದು ಗುಳಿ ತುಂಬುವ ಕತೆ. ಡೆಂಟ್ ತೆಗೆಯುವವರನ್ನು ನಾವು ಟಿಂಕರಿಂಗ್‌ನವರು ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಟಿಂಕರ್ ಅಂದರೆ ಊರೂರು ತಿರುಗಿ ಪಾತ್ರೆ ರಿಪೇರಿ ಮಾಡುವವನು. ನಮ್ಮ ಕಲಾಯಿಯವನ ಅಣ್ಣನೋ ತಮ್ಮನೋ ಅನ್ನಬಹುದು. ಹಳೇ ವಿಧಾನ ಕೇಳಿದರೆ ಇದು ಬರೀ ಹೋಲಿಕೆ ಅಲ್ಲ ಅಂತ ಗೊತ್ತಾಗುತ್ತದೆ. ಸುತ್ತಿಗೆ ಮತ್ತು ಡಾಲಿಯ ನಡುವೆ ತಗಡನ್ನು ತಟ್ಟಿ ಸಮ ಮಾಡಿ, ಉಳಿದ ತಗ್ಗಿಗೆ ಮೊದಲು ತವರದ ಕಲಾಯಿ ಹಾಕುತ್ತಿದ್ದರು. ಆಮೇಲೆ ಸೀಸ ಮತ್ತು ತವರದ ಬೆರಕೆಯನ್ನು ಬೆಣ್ಣೆಯ ಹದಕ್ಕೆ ಕಾಯಿಸಿ, ಮರದ ತುಂಡಿನಲ್ಲಿ ಒತ್ತಿ, ಅರದಲ್ಲಿ ಉಜ್ಜುತ್ತಿದ್ದರು. ಹಾಕಿದ್ದು ಲೋಹದ ಮೇಲೆ ಲೋಹವೇ, ಹಾಗಾಗಿ ದಶಕಗಟ್ಟಲೆ ಅಲ್ಲಾಡುತ್ತಿರಲಿಲ್ಲ. 1950ರ ದಶಕದಲ್ಲಿ ಪಾಲಿಯೆಸ್ಟರ್ ಪುಟ್ಟಿ ಬಂತು. ಹಾರ್ಡನರ್ ಕಲಸಿ ಹಚ್ಚಿದರೆ ಅರ್ಧ ಗಂಟೆಯಲ್ಲಿ ಕಲ್ಲು.

ಅನುಕೂಲವೇನೋ ಆಯಿತು, ಆದರೆ ನನ್ನ ಪ್ರಕಾರ ಟಿಂಕರಿಂಗ್ ಕೆಟ್ಟಿದ್ದೂ ಅಲ್ಲೇ. ಸೀಸ ತುಂಬಬೇಕಾದರೆ ತಗಡು ಶುದ್ಧವಾಗಿರಲೇಬೇಕು, ಇಲ್ಲದಿದ್ದರೆ ಕಲಾಯಿ ಹಿಡಿಯೋದೇ ಇಲ್ಲ. ಪುಟ್ಟಿಗೆ ಆ ಮರ್ಯಾದೆ ಇಲ್ಲ, ತುಕ್ಕಿನ ಮೇಲೂ ಕೂರುತ್ತದೆ. ಒಂದೆರಡು ಮಿಲಿಮೀಟರ್ ಇರಬೇಕಾದದ್ದು ಬೆರಳು ದಪ್ಪ ಆಗುತ್ತದೆ. ಅದರಲ್ಲಿರುವ ಟಾಲ್ಕ್ ಪುಡಿ ನೀರು ಕುಡಿಯುತ್ತದೆ, ಕುಡಿದ ನೀರು ತಗಡಿಗೆ ಇಳಿಯುತ್ತದೆ, ಎರಡು ಮಳೆಗಾಲದಲ್ಲಿ ಬಣ್ಣ ಗುಳ್ಳೆ ಏಳುತ್ತದೆ. ಪುಟ್ಟಿಯನ್ನು ಒಣದಾಗಿಯೇ ಉಜ್ಜಬೇಕು, ನೀರು ಕಾಗದ ಏನಿದ್ದರೂ ಪ್ರೈಮರ್ ಆದಮೇಲೆ.

ಅಂಬಾಸಿಡರಿನಲ್ಲಿ ಇದು ಬರೀ ಅಂದದ ಪ್ರಶ್ನೆಯೂ ಅಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರನ್ನೇ ಹಿಂದೂಸ್ತಾನ್ ಮೋಟಾರ್ಸ್ ಕಲ್ಕತ್ತದ ಬಳಿಯ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಮಾಡಿತು. ಜೀಪಿಗೆ ಚಾಸಿ ಬೇರೆ, ಬಾಡಿ ಬೇರೆ, ಎತ್ತಿನ ಗಾಡಿಯ ಹಾಗೆ. ಅಂಬಾಸಿಡರಿಗೆ ಹಾಗಲ್ಲ, ಮೊಟ್ಟೆಯ ಹಾಗೆ ಚಿಪ್ಪೇ ಭಾರ ಹೊರಬೇಕು. ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿದಿದ್ದರೆ ಅಲ್ಲಿ ಪುಟ್ಟಿ ತುಂಬೋದು ಅಂದರೆ ಮನೆಯ ತೊಲೆಯ ಗೆದ್ದಲಿಗೆ ಸುಣ್ಣ ಬಳಿದ ಹಾಗೆ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಬೇಕು. ಇಲ್ಲೊಂದು ತೊಡಕು. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನಗಳ ನಿಯಮದಲ್ಲಿ 50 ವರ್ಷ ದಾಟಿದ ಕಾರಿನ ಚಾಸಿ, ಬಾಡಿ ಶೆಲ್, ಎಂಜಿನ್ ದೊಡ್ಡ ಬದಲಾವಣೆ ಇಲ್ಲದೆ ಮೂಲದಂತೆಯೇ ಇರಬೇಕು ಎಂದಿದೆ. ಕೊಳೆತಷ್ಟನ್ನೇ ತೆಗೆದು, ಅದೇ ಅಳತೆಯ ತಗಡು ಅದೇ ಆಕಾರದಲ್ಲಿ ಕೂರಿಸಬೇಕು, ಫೋಟೋ ತೆಗೆದಿಡಬೇಕು ಅಂತ ನಾವು ಮಾತಾಡಿಕೊಂಡಿದ್ದೇವೆ.

ಇನ್ನೊಂದು ಮಾತನ್ನು ಮನೆಯ ಹೆಂಗಸರ ಕಿವಿಗೂ ಹಾಕಿದ್ದೇನೆ. ಹಳೇ ಕಾರಿನ ಕೆಳಗಿನ ಪದರಗಳಲ್ಲಿ, ಕೀಲುಗಳಲ್ಲಿ ಸೀಸ ಇರಬಹುದು. ಅದನ್ನು ಒಣಗಿದಂತೆ ಕೆರೆಯಬಾರದು, ಕೆರೆದದ್ದನ್ನು ಗುಡಿಸಿ ತಿಪ್ಪೆಗೆ ಸುರಿಯಬಾರದು. ಮಕ್ಕಳು, ಕೋಳಿ, ಕರು ಓಡಾಡುವ ಅಂಗಳ ಅದು. ಹಾಗೇ ಈಗಿನ ಟು-ಕೆ ಬಣ್ಣ ಎಷ್ಟೇ ಹೊಳೆದರೂ ಅದರ ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತದೆ, ಉಸಿರಿಗೆ ಹೋದರೆ ಆಸ್ತಮಾ ತರುವಂಥದ್ದು. ಮೂಗಿಗೆ ಟವೆಲ್ ಕಟ್ಟಿಕೊಂಡರೆ ತಡೆಯೋಲ್ಲ. ಮನೆಯಲ್ಲಿ ಅದು ಬೇಡ.

ಮೊದಲು ಮಾಡಿದ್ದು ಒಂದು ಸಣ್ಣ ಪರೀಕ್ಷೆ. ಹತ್ತಿಯನ್ನು ಥಿನ್ನರಿನಲ್ಲಿ ಅದ್ದಿ ಡಿಕ್ಕಿಯ ಒಳ ಮೂಲೆಯಲ್ಲಿ ತಿಕ್ಕಿದೆವು. ಹತ್ತಿಗೆ ಬಣ್ಣ ಕರಗಿ ಹತ್ತಿದರೆ ಹಳೆಯದು ಎನ್.ಸಿ., ಅದರ ಮೇಲೆ ಎನ್.ಸಿ.ಯನ್ನೇ ಹೊಡೆಯಬಹುದು. ಕರಗದೆ ಸುಕ್ಕುಗಟ್ಟಿ ಎದ್ದರೆ ಎನಾಮೆಲ್, ಪೂರ್ತಿ ತೆಗೆಯಲೇಬೇಕು. ಮೇಲಿನ ಬಿಳಿ ಸುಕ್ಕುಗಟ್ಟಿತು. ಅದರಡಿಯ ಬೂದು ಬಣ್ಣ ಹತ್ತಿಗೆ ಬಂತು. ಅಂದರೆ ಬಿಳಿಯನ್ನು ಪೂರ್ತಿ ತೆಗೆಯುವುದು, ಬೂದು ಗಟ್ಟಿಯಾಗಿರುವ ಕಡೆ ಉಳಿಸಿಕೊಳ್ಳುವುದು.

ಹಿಂಗಾರು ಮುಗಿಯಲಿ ಅಂತ ಕಾಯುತ್ತಿದ್ದೇವೆ. ಥಿನ್ನರ್ ಆರುವಾಗ ತಗಡು ತಣ್ಣಗಾಗುತ್ತದೆ, ಗಾಳಿಯಲ್ಲಿ ತೇವವಿದ್ದರೆ ಅದು ಬಣ್ಣದ ಮೇಲೆ ಇಬ್ಬನಿಯ ಹಾಗೆ ಕೂತು ಬೆಳ್ಳಗೆ ಮಂಕು ಹಿಡಿಯುತ್ತದೆ. ಸಂಕ್ರಾಂತಿ ಕಳೆದಮೇಲೆ, ಇಬ್ಬನಿ ಆರಿದ ಹತ್ತು ಗಂಟೆಯ ಬಿಸಿಲಿಗೆ, ಅಂಗಳಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ ಗನ್ ಹಿಡಿಯೋದು. ಅಲ್ಲಿಯವರೆಗೆ ತಗಡಿನ ಕೆಲಸ.