ಮಹಾನಗರಗಳ ಸಂಪತ್ತಿನ ಗಣನೆ

ಕೇಂದ್ರ ಸರ್ಕಾರದ ಸುಗಮ ಜೀವನ ಸೂಚ್ಯಂಕದಲ್ಲಿ 2018ರಲ್ಲಿ 111 ನಗರಗಳ ನಡುವೆ 58ನೆಯ ಸ್ಥಾನದಲ್ಲಿದ್ದ ಬೆಂಗಳೂರು, 2021ರ ಮಾರ್ಚಿನಲ್ಲಿ ಪ್ರಕಟವಾದ ಮುಂದಿನ ಸೂಚ್ಯಂಕದಲ್ಲಿ ಹತ್ತು ಲಕ್ಷಕ್ಕೆ ಮೀರಿದ ಜನಸಂಖ್ಯೆಯ ನಗರಗಳಲ್ಲೆಲ್ಲ ಪ್ರಥಮವೆನಿಸಿಕೊಂಡಾಗ, ಮೂರು ವರ್ಷಗಳೊಳಗಾಗಿ ಊರು ಮಾರ್ಪಟ್ಟಿತೋ ಅಳತೆಗೋಲು ಮಾರ್ಪಟ್ಟಿತೋ ಎಂದು ವಿಚಾರಿಸುವ ತಾಳ್ಮೆ ಸಂತೋಷಪಟ್ಟವರಲ್ಲಿ ಬಹುಮಂದಿಗೆ ಇರಲಿಲ್ಲ. ಮಾರ್ಪಟ್ಟದ್ದು ಬಹುಮಟ್ಟಿಗೆ ಅಳತೆಗೋಲೇ: ನಗರಗಳನ್ನು ಜನಸಂಖ್ಯೆಗನುಸಾರವಾಗಿ ಎರಡು ವರ್ಗಗಳಾಗಿ ವಿಭಾಗಿಸಿದ್ದರು, ಪೌರರ ಅಭಿಪ್ರಾಯಕ್ಕೆ ಶೇಕಡ 30ರ ತೂಕವನ್ನು ಕೊಟ್ಟಿದ್ದರು. ನಗರಗಳನ್ನು ಅಳೆದು ಹೋಲಿಸುವ ಶಾಸ್ತ್ರದ ಪೂರ್ವೇತಿಹಾಸವನ್ನು ಬಲ್ಲವರಿಗೆ ಇಂತಹ ಪವಾಡಗಳು ಹೊಸವಲ್ಲ.

ದಾದಾಭಾಯಿ ನವರೋಜಿಯವರು ಭಾರತೀಯನ ವಾರ್ಷಿಕ ಆದಾಯ ತಲೆಗೆ 20 ರೂಪಾಯಿಯೆಂದು ಗಣಿಸಿದಂದಿನಿಂದ ಮೊದಲ್ಗೊಂಡು, ಮಹಲನೋಬಿಸರ ಅಧ್ಯಕ್ಷತೆಯಲ್ಲಿ 1949ರಲ್ಲಿ ನೇಮಕವಾದ ರಾಷ್ಟ್ರೀಯ ಆದಾಯ ಸಮಿತಿಯವರೆಗೂ ನಮ್ಮ ಪಂಡಿತರ ಆದಾಯಗಣನೆಯ ದೃಷ್ಟಿ ಸಮಗ್ರ ದೇಶದ ಮೇಲಿತ್ತು. ಒಂದೊಂದು ನಗರವನ್ನು ಬೇರೆಬೇರೆಯಾಗಿ ತೂಗುವ ಯತ್ನ ಆ ಗಣನೆಯದಾಗಿರಲಿಲ್ಲ. ಅಮೆರಿಕದವರಾದರೋ 1950ರ ಜನಗಣತಿಗಾಗಿ ಮಹಾನಗರ ಪ್ರದೇಶವೆಂಬ ಘಟಕವನ್ನು ನಿರ್ಮಿಸಿಕೊಂಡು, 1960ರಿಂದ ದುಡಿಯುವವನ ಮನೆಯೊಡನೆ ಅವನ ಕೆಲಸದ ಸ್ಥಳವನ್ನೂ ಕೇಳತೊಡಗಿದರು. ಪ್ರದೇಶವೊಂದರ ಬೆಳವಣಿಗೆಯಲ್ಲಿ ದೇಶದ ಸಾಮಾನ್ಯ ಪ್ರಗತಿಯ ಪಾಲೆಷ್ಟು, ಅಲ್ಲಿ ನೆಲೆಸಿದ ಉದ್ಯಮಗಳ ಸ್ವರೂಪದ ಪಾಲೆಷ್ಟು, ಸ್ಥಳದ ಸ್ವಂತ ಸಾಮರ್ಥ್ಯವೆಷ್ಟು ಎಂಬುದನ್ನು ಬಿಡಿಸಿ ನೋಡುವ ವಿಧಾನವೂ ಅರ್ಥಶಾಸ್ತ್ರಜ್ಞ ಎಡ್ಗರ್ ಡನ್ ಮೊದಲಾದವರಿಂದ ಆ ಕಾಲದಲ್ಲಿಯೇ ರೂಪುಗೊಂಡಿತು. ಬೆಂಗಳೂರನ್ನು ಸಿಲಿಕಾನ್ ವ್ಯಾಲಿಯ ಪಕ್ಕದಲ್ಲಿ ನಿಲ್ಲಿಸಿ ಹಿಗ್ಗುವವರು ಮೂರನೆಯದನ್ನು ಮಾತ್ರ ಕೊಂಡಾಡಿ ಮೊದಲೆರಡನ್ನು ಮರೆಯುತ್ತಾರೆ.

ನಮ್ಮ ದೇಶದಲ್ಲಿ ಈ ವಿದ್ಯೆಗೆ ನಿಜವಾದ ಅಡಿಪಾಯವನ್ನು ಹಾಕಿದವರು ಪುಣೆಯ ಗೋಖಲೆ ಸಂಸ್ಥೆಯ ಡಿ. ಆರ್. ಗಾಡ್ಗೀಳರು. ಪುಣೆ ನಗರದ ಮನೆಗಳಿಗೆ ಹೋಗಿ, ಯಾರು ಏನು ದುಡಿಯುತ್ತಾರೆ, ಎಷ್ಟು ಗಳಿಸುತ್ತಾರೆ, ಎಲ್ಲಿ ವಾಸಿಸುತ್ತಾರೆ ಎಂದು ಕೇಳಿ ಬರೆದ ಅವರ ಸಮೀಕ್ಷೆಯ ಮೊದಲ ಭಾಗ 1945ರಲ್ಲಿ ಅಚ್ಚಾಯಿತು. ಅದಕ್ಕಿಂತಲೂ ಶ್ಲಾಘ್ಯವಾದುದು, ಅದೇ ನಗರವನ್ನು ಮತ್ತೊಮ್ಮೆ ಸಮೀಕ್ಷಿಸಿ ಸೋವನಿ, ಆಪ್ಟೆ, ಪೆಂಡ್ಸೆಯವರು 1956ರಲ್ಲಿ ಪ್ರಕಟಿಸಿದ ಗ್ರಂಥ; ಒಂದು ಊರು ಪರರಿಗಿಂತ ಮುಂದೆ ಹೋಯಿತೆ ಎಂದು ಕೇಳುವ ಮುನ್ನ ತನಗಿಂತ ತಾನು ಮುಂದೆ ಹೋಯಿತೆ ಎಂದು ಕೇಳಬೇಕೆಂಬ ವಿವೇಕ ಅಲ್ಲಿತ್ತು. ಆ ಬಳಿಕ ಯೋಜನಾ ಆಯೋಗದ ಸಂಶೋಧನಾ ಕಾರ್ಯಕ್ರಮ ಸಮಿತಿ ಹಲವು ನಗರಗಳ ಸಮೀಕ್ಷೆಗೆ ನೆರವಾಯಿತು. ಲಕ್ಡಾವಾಲಾ ಅವರ ಮುಂಬಯಿ ಸಮೀಕ್ಷೆಯೂ, ವಿ. ಕೆ. ಆರ್. ವಿ. ರಾವ್ ಮತ್ತು ಪಿ. ಬಿ. ದೇಸಾಯಿ ಅವರ ದಿಲ್ಲಿಯ ಅಧ್ಯಯನವೂ ಅರುವತ್ತರ ದಶಕದ ಫಲಗಳು.

ಅದೇ ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದ ಮೇಲೆ ನಮ್ಮ ತಲೆಮಾರಿಗೆ ಒಂದು ನೆಲೆ ದೊರೆಯಿತು. ಪ್ರಕಾಶರಾವ್ ಮತ್ತು ತೆವಾರಿಯವರು 1979ರಲ್ಲಿ ಹೊರತಂದ ಬೆಂಗಳೂರಿನ ರಚನೆಯ ಕುರಿತ ಗ್ರಂಥ ಇಂದಿಗೂ ಓದತಕ್ಕದ್ದು. ಓದುವವರು ವಿರಳರಾಗಿರುವುದು ಗ್ರಂಥದ ದೋಷವಲ್ಲ. ಅತ್ತ ಜಿಲ್ಲಾ ಆದಾಯದ ಕೋಷ್ಟಕಗಳಲ್ಲಿ ನಾವು ಕಲಿತ ಪಾಠ ಕಹಿಯಾದುದು. ರೈಲ್ವೆ, ಬ್ಯಾಂಕು, ವಿಮೆಗಳ ಆದಾಯವನ್ನು ಕೇಂದ್ರದಲ್ಲಿ ಗಣಿಸಿ ರಾಜ್ಯಗಳಿಗೆ ಹಂಚುತ್ತಾರೆ. ರಾಜ್ಯದ ಮೊತ್ತವನ್ನು ಮತ್ತೆ ಯಾವುದಾದರೊಂದು ಸೂಚಕದ ಆಧಾರದ ಮೇಲೆ ಜಿಲ್ಲೆಗಳಿಗೆ ಹಂಚುತ್ತಾರೆ. ಕರ್ನಾಟಕದ ಉತ್ಪನ್ನದಲ್ಲಿ ಮೂರನೆಯ ಒಂದು ಭಾಗಕ್ಕೂ ಮಿಗಿಲಾದುದು ಬೆಂಗಳೂರು ನಗರ ಜಿಲ್ಲೆಯದೆಂಬ ಪ್ರಸಿದ್ಧ ವಾಕ್ಯದಲ್ಲಿ ಅಳೆದದ್ದೆಷ್ಟು, ಹಂಚಿದ್ದೆಷ್ಟು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಪ್ರಾದೇಶಿಕ ಅಸಮತೋಲನವನ್ನು ಕುರಿತ 2002ರ ನಂಜುಂಡಪ್ಪ ಸಮಿತಿ 175 ತಾಲ್ಲೂಕುಗಳನ್ನು ಒಂದೊಂದಾಗಿ ತೂಗಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಹಿಂದುಳಿದುದನ್ನು ಅಷ್ಟು ಸೂಕ್ಷ್ಮವಾಗಿ ಅಳೆಯಬಲ್ಲ ನಾವು ಮುಂದುವರಿದುದನ್ನು ಇಡಿಯಾಗಿ ನಂಬಿಬಿಡುತ್ತೇವೆ.

ಇನ್ನು ಸಮಾನಸ್ಕಂಧರೊಡನೆ ಹೋಲಿಸುವ ಮಾತು. ದಿಲ್ಲಿಗೆ ತನ್ನದೇ ರಾಜ್ಯಾದಾಯದ ಲೆಕ್ಕವುಂಟು. ಬೆಂಗಳೂರಿಗೂ ಪುಣೆಗೂ ಇರುವುದು ಜಿಲ್ಲೆಯ ಲೆಕ್ಕ. ಪುಣೆ ಜಿಲ್ಲೆಯೊಳಗೆ ಸಹ್ಯಾದ್ರಿಯ ಹಳ್ಳಿಗಳೂ ಸೇರಿರುವಾಗ, ಬಹುಭಾಗ ನಗರವೇ ಆಗಿರುವ ಬೆಂಗಳೂರು ಜಿಲ್ಲೆಯೊಡನೆ ಅದರ ತಲಾ ಆದಾಯವನ್ನು ಹೋಲಿಸಿ ಯಾರು ಗೆದ್ದರೆಂದು ಸಾರುವುದು ನ್ಯಾಯವಲ್ಲ. ಬೆಲೆಗಳ ಪ್ರಶ್ನೆ ಇದಕ್ಕಿಂತ ಕಠಿಣ. ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ ಒಂದೊಂದು ಕೇಂದ್ರದಲ್ಲಿ ಬೆಲೆ ಎಷ್ಟು ಏರಿತೆಂಬುದನ್ನು ತಿಳಿಸುತ್ತದೆಯೇ ವಿನಾ, ಬೆಂಗಳೂರಿನ ಬಾಡಿಗೆ ಹೈದರಾಬಾದಿನದಕ್ಕಿಂತ ಎಷ್ಟು ಹೆಚ್ಚೆಂಬುದನ್ನು ತಿಳಿಸುವುದಿಲ್ಲ. ಅಮೆರಿಕ ಸರ್ಕಾರ 2007ರಿಂದ ಮಹಾನಗರ ಪ್ರದೇಶಗಳ ಉತ್ಪನ್ನವನ್ನೂ, ಅನಂತರ ಪ್ರದೇಶಗಳ ನಡುವಣ ಬೆಲೆಯ ಮಟ್ಟಗಳನ್ನೂ ಪ್ರಕಟಿಸುತ್ತ ಬಂದಿದೆ. ಸಲಹಾ ಸಂಸ್ಥೆಗಳ ಡಾಲರು ಅಂಕಿಗಳನ್ನು ಉದ್ಧರಿಸುವುದರಲ್ಲಿ ನಾವು ತೋರುವ ಉತ್ಸಾಹ, ಇಂತಹ ಬೇಸರದ ಕೆಲಸದಲ್ಲಿ ಕಾಣದು.

ಎಲ್ಲೆಯ ವಿಷಯವಂತೂ ವಿಚಿತ್ರ. ಬೆಂಗಳೂರು ನಗರ, ಗ್ರಾಮಾಂತರ, ಅಂದಿನ ರಾಮನಗರ ಜಿಲ್ಲೆಗಳನ್ನು ಮಹಾನಗರ ಪ್ರದೇಶವೆಂದು ಸರ್ಕಾರವೇ ಗುರುತಿಸಿಕೊಂಡಿದ್ದರೂ, ಎಲೆಕ್ಟ್ರಾನಿಕ್ ಸಿಟಿಯಿಂದ ಹೆದ್ದಾರಿಯಲ್ಲಿ ಸ್ವಲ್ಪವೇ ದೂರದ ಹೊಸೂರು ತಮಿಳುನಾಡಿನದಾದ್ದರಿಂದ ಆ ಪ್ರದೇಶದೊಳಗೆ ಬಾರದು. ಹೊಸೂರಿನಲ್ಲಿ ಮನೆಮಾಡಿ ಬೆಂಗಳೂರಿನಲ್ಲಿ ದುಡಿಯುವವನ ಉತ್ಪನ್ನ ನಮ್ಮ ಮೊತ್ತಕ್ಕೆ ಸೇರುತ್ತದೆ. ಆ ಮೊತ್ತವನ್ನು ತಲೆಗಳಿಂದ ಭಾಗಿಸುವಾಗ ಅವನು ಕೃಷ್ಣಗಿರಿ ಜಿಲ್ಲೆಯ ಪ್ರಜೆ. ಇಲ್ಲಿಂದ ಅಲ್ಲಿನ ಕಾರ್ಖಾನೆಗಳಿಗೆ ಹೋಗುವವನ ಲೆಕ್ಕ ಇದಕ್ಕೆ ವಿಪರೀತ. ಇಂಥವರು ಎಷ್ಟು ಮಂದಿಯೆಂಬುದನ್ನು 2011ರ ಜನಗಣತಿಯಿಂದಲೂ ತಿಳಿಯಲಾಗದು; ಕೆಲಸದ ಸ್ಥಳ ಎಷ್ಟು ದೂರ, ಯಾವ ವಾಹನದಲ್ಲಿ ಪ್ರಯಾಣ ಎಂದು ಅದು ಕೇಳಿತೇ ಹೊರತು, ಯಾವ ಊರಿಗೆ ಎಂದು ಕೇಳಲಿಲ್ಲ.